ಕೋವಿಗೆ ಲೈಸೆನ್ಸ್ ಬೇಡ, ಗುಂಡಿಗೆ ಯಾರು ಹೊಣೆ?

ಪ್ರಶ್ನೆ: ನಮ್ಮದು ಕೊಡಗಿನ ಪೊನ್ನಂಪೇಟೆ ಕಡೆ. ಹದಿನೆಂಟು ಎಕರೆ ಕಾಫಿ, ಜೊತೆಗೆ ಎರಡು ಕೋಣೆಯ ಹೋಂಸ್ಟೇ. ಅಪ್ಪ ಹೋದ ವರ್ಷ ತೀರಿಕೊಂಡರು. ಅವರ ಜೋಡಿ ನಳಿಗೆ ಕೋವಿ ಈಗ ನನ್ನ ಹತ್ತಿರ ಇದೆ. ಮಂಗ ಓಡಿಸುವುದಕ್ಕೆ, ಪುತ್ತರಿ ಸುಗ್ಗಿ ಹಬ್ಬಕ್ಕೆ, ಸಾವಿನ ಮನೆಯಲ್ಲಿ ಗುಂಡು ಹಾರಿಸುವುದಕ್ಕೆ ಬಿಟ್ಟರೆ ಅದನ್ನು ಜಾಸ್ತಿ ಮುಟ್ಟುವುದಿಲ್ಲ. ಇತ್ತೀಚೆಗೆ ಪಕ್ಕದ ಊರಿನಲ್ಲಿ ಹಂದಿ ಎಂದು ಹಾರಿಸಿದ ಗುಂಡು ತೋಟದ ಕೆಲಸದವನ ಕಾಲಿಗೆ ಬಿತ್ತು. ಆವತ್ತಿನಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ತನ್ನ ಕೋವಿಗೆ ಇನ್ಶೂರೆನ್ಸ್ ಇದೆ ಅನ್ನುತ್ತಾನೆ. ಭಾವ ಮಾತ್ರ ‘ನಮಗೆ ವಿನಾಯಿತಿ ಇದೆ, ತಲೆ ಕೆಡಿಸಿಕೊಳ್ಳಬೇಡ’ ಅನ್ನುತ್ತಾರೆ. ಮನೆಗೆ, ನನಗೆ, ಕೆಲಸದವರಿಗೆ ಒಂದಲ್ಲ ಒಂದು ಪಾಲಿಸಿ ಇದೆ. ಕೋವಿಯಿಂದ ಅನಾಹುತವಾದರೆ ಯಾವುದು ದುಡ್ಡು ಕೊಡುತ್ತದೆ? ಇನ್ನೊಂದು ವಿಷಯ: ಈ ಸಲದ ಕೈಲ್ ಮುಹೂರ್ತಕ್ಕೆ (ನಮ್ಮ ಆಯುಧ ಪೂಜೆಯ ಹಬ್ಬ) ಊರಿನ ಯುವಕ ಸಂಘದವರು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ನಮ್ಮ ಗದ್ದೆ ಕೇಳಿದ್ದಾರೆ. ಕೊಡಬಹುದಾ?

ಉತ್ತರ: ಮೊದಲು ನಿಮ್ಮ ಭಾವನವರ ಮಾತನ್ನೇ ನೋಡೋಣ. ಕೊಡಗಿನಲ್ಲಿ ಈ ಮಾತು ಅವರೊಬ್ಬರೇ ಹೇಳುವುದಲ್ಲ. ವಿಮೆ ಕಂಪನಿಯ ಶಾಖೆಯಲ್ಲಿ ಕ್ಲೇಮ್ ಫೈಲು ನೋಡುತ್ತಿದ್ದ ಕಾಲದಲ್ಲಿ ನಾನು ಇದನ್ನು ಕೇಳಿ ಕೇಳಿ ಸಾಕಾಗಿದ್ದೇನೆ.

ವಿನಾಯಿತಿ ಇರುವುದು ನಿಜ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದ ಈ ಪದ್ಧತಿಯನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಉಳಿಸಿಕೊಂಡರು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಅಲ್ಲಿಗೆ ಭಾವನವರು ಗೆದ್ದರು ಅಂತಿಟ್ಟುಕೊಳ್ಳಿ.

ಆದರೆ ಆ ಕಾಗದ ಹೇಳುವುದು ಇಷ್ಟೇ: ಕೋವಿ ಇಟ್ಟುಕೊಂಡದ್ದಕ್ಕೆ ನಿಮ್ಮ ಮೇಲೆ ಕೇಸಿಲ್ಲ. ಅದರಿಂದ ಹಾರಿದ ಗುಂಡು ಯಾರಿಗೆ ತಗುಲಿತು, ಆಗ ನೀವು ಏನು ಮಾಡುತ್ತಿದ್ದಿರಿ, ಕೋವಿ ಯಾರ ಕೈಯಲ್ಲಿತ್ತು ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ. ವಿಮೆ ಕಂಪನಿ ಕೇಳುವುದು ಈ ಮೂರನ್ನೇ. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದೂ ಅಲ್ಲೇ.

ಅದಕ್ಕಿಂತ ಮುಂಚೆ ಒಂದು ಕೆಲಸ ಇದೆ. ಅಪ್ಪ ತೀರಿಕೊಂಡು ವರ್ಷವಾಯಿತು ಅಂದಿರಿ. ಕೋವಿ ಇನ್ನೂ ಅವರ ಹೆಸರಿನಲ್ಲೇ ಇದೆಯಾ? ವಿನಾಯಿತಿ ಪತ್ರ ವ್ಯಕ್ತಿಯ ಹೆಸರಿಗೆ ಬರುತ್ತದೆ, ಮನೆಯ ಗೋಡೆಗೆ ಬರುವುದಿಲ್ಲ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಕೋವಿಯ ನಂಬರ್ ಸಮೇತ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ತೀರಿಹೋದವರ ಹೆಸರಿನ ಕೋವಿಗೆ ವಿಮೆ ಕೇಳಿದರೆ ಕಂಪನಿ ಹಾಕುವ ಮೊದಲ ಪ್ರಶ್ನೆ ‘ಇದು ನಿಮ್ಮದು ಅನ್ನೋದಕ್ಕೆ ಏನಿದೆ?’ ಅಂತ. ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಒಕ್ಕದ (ಇಡೀ ಮನೆತನದ) ಹಳೇ ಕೋವಿಗಳು ಹೀಗೆ ಯಾರ ಹೆಸರಿಗೂ ಇಲ್ಲದೆ ನಿಂತಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಪೂಜೆಗೆ ಎಲ್ಲರದು, ಕೇಸಿಗೆ ಯಾರದೂ ಅಲ್ಲ! ನಿಮ್ಮ ಅಕ್ಕಪಕ್ಕ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದವರು ಇದ್ದರೆ ಅವರಿಗೂ ಇದೇ ಮಾತು. ಲೈಸೆನ್ಸ್‌ದಾರ ಸತ್ತ ಮೇಲೆ ಆ ಕೋವಿಯನ್ನು ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಿ, ಆಮೇಲೆ ವಾರಸುದಾರರು ಅರ್ಜಿ ಹಾಕಬೇಕು.

ಈಗ ಹೊಣೆಯ ವಿಷಯ. ಗುಂಡು ತಗುಲಿ ಯಾರಿಗಾದರೂ ಏನಾದರೂ ಆದರೆ ನಿಮ್ಮ ಮೇಲೆ ಎರಡು ದಾರಿಯಲ್ಲಿ ಬರುತ್ತದೆ. ಒಂದು ಕ್ರಿಮಿನಲ್ ಕೇಸು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ಅಜಾಗರೂಕತೆಯಿಂದ ಸಾವಾದರೆ ಐದು ವರ್ಷದವರೆಗೆ ಜೈಲು ಮತ್ತು ದಂಡ. ಹಳೆಯ ಐಪಿಸಿಯಲ್ಲಿ ಇದು ಎರಡೇ ವರ್ಷ ಇತ್ತು. ತೀವ್ರ ಗಾಯವಾದರೆ 125ನೇ ಕಲಂನಲ್ಲಿ ಮೂರು ವರ್ಷದವರೆಗೆ. ಈ ಜೈಲನ್ನಾಗಲಿ ದಂಡವನ್ನಾಗಲಿ ಯಾವ ವಿಮೆಯೂ ಹೊರುವುದಿಲ್ಲ. ಯಾರಾದರೂ ಏಜೆಂಟ್ ‘ಎಲ್ಲಾ ಕವರ್ ಆಗತ್ತೆ ಸಾರ್’ ಅಂದರೆ ಅಲ್ಲೇ ಮಾತು ನಿಲ್ಲಿಸಿ.

ಎರಡನೆಯದು ದುಡ್ಡಿನ ಹೊಣೆ. ಗಾಯಗೊಂಡವರು ಸಿವಿಲ್ ಕೋರ್ಟಿಗೆ ಹೋಗಬಹುದು. ಸತ್ತರೆ ಹೆಂಡತಿ ಮಕ್ಕಳು, ತಂದೆ ತಾಯಿ ದಾವೆ ಹೂಡಬಹುದು. ಅದಕ್ಕೆ 1855ರ ಕಾಯ್ದೆಯೇ ಇದೆ, ಸತ್ತ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ವಿಮೆ ನೆರವಿಗೆ ಬರುವುದಾದರೆ ಈ ಎರಡನೆಯದಕ್ಕೆ ಮಾತ್ರ.

ಜೀಪಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದಕ್ಕೇ ಜೀಪು ಗುದ್ದಿದರೆ ಪರಿಹಾರ ಎಲ್ಲಿಂದ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಕೋವಿಗೆ ನಮ್ಮಲ್ಲಿ ಅಂಥ ಕಡ್ಡಾಯ ಇಲ್ಲ. ಅಮೆರಿಕದಲ್ಲೂ ದೇಶಕ್ಕೆಲ್ಲ ಒಂದೇ ನಿಯಮ ಇಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರ 2023ರ ಜನವರಿಯಿಂದ ಕೋವಿ ಇರುವವರಿಗೆ ಹೊಣೆಗಾರಿಕೆ ವಿಮೆ ಕಡ್ಡಾಯ ಮಾಡಿತು. ಬೇರೆ ಕಡೆ ಸಾಮಾನ್ಯವಾಗಿ ಮನೆ ವಿಮೆಯೊಳಗೇ ಹೊಣೆಗಾರಿಕೆಯ ಭಾಗ ಇರುತ್ತದೆ, ಆಕಸ್ಮಿಕವಾಗಿ ಹಾರಿದ ಗುಂಡು ಅದರಲ್ಲಿ ಬರುತ್ತದೆ, ಬೇಕೆಂದೇ ಹೊಡೆದದ್ದು ಬರುವುದಿಲ್ಲ. ನಿಮ್ಮ ತಮ್ಮ ಹೇಳುತ್ತಿರುವುದು ಬಹುಶಃ ಅದೇ. ಅವನ ಪಾಲಿಸಿ ನೋಡಿ ಇಲ್ಲಿಯದನ್ನು ಅಳೆಯಬೇಡಿ.

ಇಲ್ಲಿಯ ಮನೆ ವಿಮೆಯಿಂದ ಶುರು ಮಾಡೋಣ. ಬೇಗ ಮುಗಿಯುತ್ತದೆ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಕೊಡುವ ‘ಭಾರತ್ ಗೃಹ ರಕ್ಷಾ’ ಬೆಂಕಿ, ಸಿಡಿಲು, ಪ್ರವಾಹ, ಭೂಕುಸಿತದಂಥದ್ದಕ್ಕೆ ಇರುವ ಪಾಲಿಸಿ. 2018ರ ಮಳೆ ನೋಡಿದ ಕೊಡಗಿನವರಿಗೆ ಅದು ಬೇಕೇ ಬೇಕು. ಆದರೆ ಅದರಲ್ಲಿ ಮಾಮೂಲಿ ಕಳ್ಳತನ ಸೇರುವುದಿಲ್ಲ. ಬೆಂಕಿ, ಪ್ರವಾಹದಂಥ ಘಟನೆ ಆಗಿ ಏಳು ದಿನದೊಳಗೆ ನಡೆದ ಕಳ್ಳತನಕ್ಕೆ ಮಾತ್ರ ಕೊಡುತ್ತಾರೆ. ಸ್ಫೋಟಕ ವಸ್ತುಗಳನ್ನು ಪಾಲಿಸಿಯಲ್ಲಿ ಬರೆಸದಿದ್ದರೆ ಹೊರಗಿಡುತ್ತಾರೆ, ಹಾಗಾಗಿ ಮದ್ದು, ಕಾಡತೂಸಿನ ಲೆಕ್ಕ ಬಿಟ್ಟುಬಿಡಿ. ಕೋವಿ ಕಳವಿಗೆ ಬೇರೆ ಬರ್ಗ್ಲರಿ ಪಾಲಿಸಿ ಬೇಕು, ಅದರಲ್ಲಿ ಕೋವಿಯನ್ನು ನಂಬರ್ ಮತ್ತು ಬೆಲೆ ಸಮೇತ ಬರೆಸಬೇಕು. ಗೋಡೆಯ ಮೊಳೆಗೆ ನೇತು ಹಾಕಿದ ಕೋವಿ ಹೋದರೆ ಸರ್ವೇಯರ್ ಏನು ಬರೆಯುತ್ತಾನೆ ಅಂತ ನಾನು ಬೇರೆ ಹೇಳಬೇಕಾಗಿಲ್ಲ. ಇಲ್ಲಿ ಕೋವಿಯ ಬೆಲೆ ದೊಡ್ಡ ವಿಷಯವೂ ಅಲ್ಲ. ಕದ್ದ ಕೋವಿಯಿಂದ ನಾಳೆ ಯಾರಿಗೋ ಏನೋ ಆದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ನಿಮ್ಮನ್ನು. ಕಾಣೆಯಾದದ್ದು ಗೊತ್ತಾದ ದಿನವೇ ದೂರು ಕೊಡಿ.

ಇನ್ನು ನಿಮ್ಮ ಸ್ವಂತ ಪಾಲಿಸಿಗಳು. ಕೊಡಗಿನಲ್ಲಿ ಜಾಸ್ತಿ ಪೆಟ್ಟು ತಿನ್ನುವುದು ಇಲ್ಲೇ.

ಕೋವಿ ಒರೆಸುವಾಗ ಗುಂಡು ಹಾರಿತು, ಕಾಲಿಗೆ ತಗುಲಿತು ಅಂತಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ದಾಖಲೆ) ಆಗುತ್ತದೆ, ಪೊಲೀಸರು ಬರುತ್ತಾರೆ, ಹೇಳಿಕೆ ಬರೆದುಕೊಳ್ಳುತ್ತಾರೆ. ಕೋವಿ ನಿಮ್ಮ ಹೆಸರಿನದು, ನೀವು ಕುಡಿದಿರಲಿಲ್ಲ, ನಿಮ್ಮ ಮನೆಯ ಜಗಲಿಯಲ್ಲಿ ಕೂತಿದ್ದಿರಿ. ಆರೋಗ್ಯ ವಿಮೆಯೂ ಅಪಘಾತ ವಿಮೆಯೂ ಸಾಮಾನ್ಯವಾಗಿ ಕೊಡಲೇಬೇಕಾದ ಕ್ಲೇಮ್ ಇದು.

ಅದೇ ಕೋವಿ, ಅದೇ ಕಾಲು. ಆದರೆ ರಾತ್ರಿ ಹತ್ತು ಗಂಟೆ, ಬೇಲಿಯಾಚೆಯ ಕಾಡಂಚು, ತಲೆಗೆ ಟಾರ್ಚು, ಜೊತೆಗೆ ಮೂವರು. ಕಾಡುಹಂದಿ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವುದು ಬೇಟೆ, ಬೇಟೆ ಅಪರಾಧ. ಕಾನೂನು ಮುರಿಯುವಾಗ ಆದ ಗಾಯಕ್ಕೆ ಕೊಡುವುದಿಲ್ಲ ಎಂಬ ಷರತ್ತು ಆರೋಗ್ಯ ವಿಮೆಯಲ್ಲೂ ಇದೆ, ಅಪಘಾತ ವಿಮೆಯಲ್ಲೂ ಇದೆ. ಎಲ್‌ಐಸಿಯ ಹಳೆಯ ಪಾಲಿಸಿಗಳ ಅಪಘಾತ ಲಾಭದ ಷರತ್ತು ತೆಗೆದು ಓದಿ. ಕುಡಿತ, ದಂಗೆ, ಯುದ್ಧದ ಸಾಲಿನಲ್ಲೇ ಬೇಟೆಯನ್ನೂ ಹೆಸರಿಟ್ಟು ಹೊರಗಿಟ್ಟಿದ್ದಾರೆ. ಮೂಲ ಜೀವ ವಿಮೆಯ ಮೊತ್ತ ಬರಬಹುದು, ಅಪಘಾತಕ್ಕೆಂದು ಸಿಗುವ ಇನ್ನೊಂದು ಪಾಲು ಹೋಯಿತು.

ಜೊತೆಗೆ ಹೋದ ಮೂವರ ಕಥೆಯೂ ಇದೇ. ಪೊದೆ ಅಲುಗಿತು, ಹಂದಿ ಎಂದುಕೊಂಡು ಹೊಡೆದ, ಸತ್ತದ್ದು ಚಿಕ್ಕಪ್ಪನ ಮಗ. ಇಂಥ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ಹೊಡೆದವನಿಗೆ ಜೈಲು, ಸತ್ತವನ ಮನೆಗೆ ಅಪಘಾತ ವಿಮೆಯ ದುಡ್ಡೂ ಇಲ್ಲ. ಎರಡೂ ಮನೆ ಒಂದೇ ಒಕ್ಕದ್ದು.

ಕ್ಲೇಮ್ ಫೈಲಿನಲ್ಲಿ ನಾವು ಮೊದಲು ತಿರುವುತ್ತಿದ್ದುದು ಎಫ್‌ಐಆರ್. ಅದರಲ್ಲಿ ಘಟನೆಯ ಜಾಗ, ಸಮಯ, ಸ್ಪಾಟ್ ಮಹಜರು. ‘ತೋಟ ಕಾಯಲು ಹೋಗಿದ್ದಾಗ’ ಅಂತ ಅರ್ಜಿಯಲ್ಲಿ ಬರೆದಿರುತ್ತಾರೆ. ಮಹಜರಿನಲ್ಲಿ ಜಾಗ ತೋಟದ ಗಡಿಯಿಂದ ಆಚೆ, ಹೆಡ್‌ಲೈಟು, ಗೋಣಿಚೀಲ, ಕತ್ತಿ ಸಿಕ್ಕಿದ್ದು ದಾಖಲಾಗಿರುತ್ತದೆ. ಆ ಗೋಣಿಚೀಲ ಒಂದೇ ಸಾಕು ಫೈಲು ಮುಚ್ಚಲು. ಆಮೇಲೆ ವಕೀಲರು ಎಷ್ಟು ಚೆಂದದ ಕಾಗದ ಬರೆದರೂ ಅಷ್ಟೆ.

ಆನೆ ಅಥವಾ ಹಂದಿ ಮೈಮೇಲೆ ಬಂದು, ಜೀವ ಉಳಿಸಿಕೊಳ್ಳಲು ಹೊಡೆದರೆ ಬೇರೆ ಮಾತು. ವನ್ಯಜೀವಿ ಕಾಯ್ದೆಯ 11ನೇ ಕಲಂ ಅದಕ್ಕೆ ರಕ್ಷಣೆ ಕೊಡುತ್ತದೆ. ಆದರೆ ಅದೇ ಕಲಂ, ಆ ಹೊತ್ತಿಗೆ ನೀವೇ ಈ ಕಾಯ್ದೆಯನ್ನು ಮುರಿಯುತ್ತಿದ್ದರೆ ಈ ರಕ್ಷಣೆ ಇಲ್ಲ ಎಂದೂ ಹೇಳುತ್ತದೆ. ಬೇಟೆಗೆ ಹೋಗಿ ಆನೆ ಎದುರಾದರೆ ಆತ್ಮರಕ್ಷಣೆ ಎನ್ನಲು ಬರುವುದಿಲ್ಲ.

ಕೆಲಸದವರ ವಿಷಯ ನಿಮ್ಮ ಪ್ರಶ್ನೆಯಲ್ಲಿ ಒಂದೇ ಪದ. ನನ್ನ ಪ್ರಕಾರ ನಿಮ್ಮ ಅತಿ ದೊಡ್ಡ ಹೊಣೆ ಅದು. ನೀವು ಕಣದಲ್ಲಿ ನಿಂತು ಮಂಗಕ್ಕೆಂದು ಹಾರಿಸಿದ ಗುಂಡು ಕಾಫಿ ಕೊಯ್ಯುತ್ತಿದ್ದವರಿಗೆ ತಗುಲಿದರೆ, ‘ತಪ್ಪು ಯಾರದು’ ಎಂಬ ವಾದವೇ ಇಲ್ಲದೆ ಪರಿಹಾರ ಕೊಡಬೇಕಾಗುತ್ತದೆ, ಏಕೆಂದರೆ ಕೆಲಸದ ಹೊತ್ತಿನಲ್ಲಿ ಕೆಲಸದ ಜಾಗದಲ್ಲಿ ಆದದ್ದು. 1923ರ ಕಾಯ್ದೆಯಲ್ಲಿದ್ದ ಈ ನಿಯಮ 2025ರ ನವೆಂಬರ್‌ನಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ಲೆಕ್ಕದ ರೀತಿ ಅದೇ: ಸಾವಾದರೆ ತಿಂಗಳ ಸಂಬಳದ ಅರ್ಧಕ್ಕೆ ವಯಸ್ಸಿನ ಅಂಕಿಯಿಂದ ಗುಣಿಸಬೇಕು. ತಿಂಗಳ ಸಂಬಳ 15,000 ರೂಪಾಯಿ ಎಂದು ಹಿಡಿಯಿರಿ. ಮೂವತ್ತು ವರ್ಷದವರಿಗೆ ಆ ಅಂಕಿ 207.98. ಅರ್ಧ ಸಂಬಳ 7,500. ಗುಣಿಸಿದರೆ 15,59,850 ರೂಪಾಯಿ. ನಲವತ್ತು ವರ್ಷದವರಾದರೆ 13,81,275. ಒಂದು ತಿಂಗಳೊಳಗೆ ಕಟ್ಟದಿದ್ದರೆ ಬಡ್ಡಿ, ಅದರ ಮೇಲೆ ದಂಡ. ಆ ದಂಡವನ್ನು ಕಂಪನಿ ಕೊಡುವುದಿಲ್ಲ, ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಇದಕ್ಕೆ ಇರುವುದು ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿ. ನಮ್ಮ ತೋಟಗಳ ಕಡೆ ಇನ್ನೂ ಹಳೆಯ ಹೆಸರಿನಿಂದ ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಷನ್) ಅಂತಲೇ ಕರೆಯುತ್ತಾರೆ. ನಿಮ್ಮ ಪಾಲಿಸಿ ತೆಗೆದು ಎಷ್ಟು ಜನ, ಎಷ್ಟು ಸಂಬಳ ಬರೆಸಿದ್ದೀರಿ ಎಂದು ನೋಡಿ. ಲೈನ್ ಮನೆಯಲ್ಲಿರುವ ಕಾಯಂ ಕೆಲಸದವರನ್ನು ಮಾತ್ರ ಬರೆಸಿ, ಕೊಯ್ಲಿನ ಸಮಯಕ್ಕೆ ಮೇಸ್ತ್ರಿ ಕರೆತರುವ ಅಸ್ಸಾಂ ಕಡೆಯವರನ್ನು ಬಿಟ್ಟಿರುವ ತೋಟಗಳೇ ಜಾಸ್ತಿ. ಕಂಟ್ರಾಕ್ಟರ್ ಕರೆತಂದ ಆಳಿಗೂ ತೋಟದ ಮಾಲೀಕರೇ ಮೊದಲು ಕೊಡಬೇಕು, ಆಮೇಲೆ ಕಂಟ್ರಾಕ್ಟರ್ ಹತ್ತಿರ ವಸೂಲಿ ಮಾಡಿಕೊಳ್ಳಬೇಕು. ಅವರನ್ನೂ ಪಾಲಿಸಿಯಲ್ಲಿ ಸೇರಿಸಿ. ಹಾಗೆಯೇ ಬ್ಯಾಂಕ್ ಖಾತೆ ಇರುವ ಪ್ರತಿಯೊಬ್ಬರಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಇದು ನಿಮ್ಮ ಹೊಣೆಯನ್ನು ಕಡಿಮೆ ಮಾಡುವುದಿಲ್ಲ, ಆದರೆ ಆ ಮನೆಗೆ ಒಂದು ಆಸರೆ.

ಮತ್ತೆ, ಕೋವಿಯನ್ನು ತೋಟದ ರೈಟರ್ (ಗುಮಾಸ್ತ) ಕೈಗೋ ಕಾವಲಿನವನ ಕೈಗೋ ಕೊಟ್ಟು ‘ರಾತ್ರಿ ಒಂದು ಸುತ್ತು ಹೋಗಿ ಬಾ’ ಅನ್ನುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ವಿನಾಯಿತಿ ನಿಮ್ಮದು, ಅವನದ್ದಲ್ಲ. ಲೈಸೆನ್ಸೂ ವಿನಾಯಿತಿಯೂ ಇಲ್ಲದವನ ಕೈಗೆ ಕೋವಿ ಕೊಟ್ಟದ್ದೇ ಒಂದು ಅಪರಾಧ. ಅವನಿಂದ ಮೂರನೆಯವರಿಗೆ ಏನಾದರೂ ಆದರೆ ಕೋರ್ಟು ಯಜಮಾನನನ್ನೇ ಕೇಳುತ್ತದೆ, ವಿಮೆ ಕಂಪನಿ ಪಕ್ಕಕ್ಕೆ ಸರಿಯುತ್ತದೆ.

ಹೋಂಸ್ಟೇ ಬಗ್ಗೆಯೂ ಅದೇ ಕಾರಣಕ್ಕೆ ಸ್ವಲ್ಪ ಕಟುವಾಗಿ ಹೇಳುತ್ತೇನೆ. ಬೆಂಗಳೂರಿನಿಂದ ಬಂದ ಅತಿಥಿ ‘ಸರ್, ಒಂದು ಫೋಟೋ’ ಅಂತ ಕೇಳುತ್ತಾರೆ. ಕೊಡವ ಕುಪ್ಪಸ, ಪೀಚೆಕತ್ತಿ, ಕೈಯಲ್ಲಿ ಕೋವಿ. ಚೆನ್ನಾಗಿರುತ್ತದೆ, ಅಲ್ವಾ? ಕುಪ್ಪಸದವರೆಗೆ ನನ್ನ ತಕರಾರಿಲ್ಲ. ಕೋವಿ ಕೊಡಬೇಡಿ. ಖಾಲಿ ಇದೆ ಎಂದು ನೀವು ಅಂದುಕೊಂಡ ಕೋವಿಯ ಎಡ ನಳಿಗೆಯಲ್ಲಿ ಪುತ್ತರಿಯ ಕಾಡತೂಸು ಉಳಿದಿರಬಹುದು. ಹಳೆಯ ಸುತ್ತಿಗೆ ಕೋವಿಗಳಲ್ಲಿ ಅರ್ಧ ಎಳೆದು ನಿಲ್ಲಿಸುವ ಕಚ್ಚು ಸವೆದಿರುತ್ತದೆ. ಬುಡ ನೆಲಕ್ಕೆ ತಾಗಿದರೆ ಸಾಕು, ಬಿಗಿದ ಸುತ್ತಿಗೆ ಜಾರುತ್ತದೆ. ಮಡಚಿ, ಎರಡೂ ನಳಿಗೆಯಲ್ಲಿ ಆಚೆಯ ಬೆಳಕು ಕಂಡ ಮೇಲೆಯೇ ಅದು ಖಾಲಿ. ಕೋವಿ ಒಂದು ಕಡೆ, ಕಾಡತೂಸು ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೀಗ. ಅತಿಥಿ ಕೂರುವ ಹಾಲ್‌ನಿಂದ ಎರಡನ್ನೂ ತೆಗೆಯಿರಿ.

ಕಾಗದದ ಕಡೆಯಿಂದ ಹೇಳುವುದಾದರೆ, ಮನೆಯಲ್ಲಿ ಹೋಂಸ್ಟೇ ನಡೆಸುತ್ತಿರುವುದನ್ನು ಮನೆ ವಿಮೆಯವರಿಗೆ ತಿಳಿಸಿದ್ದೀರಾ? ವಾಸದ ಮನೆ ಎಂದು ಬರೆಸಿ ವ್ಯಾಪಾರ ನಡೆಸಿದರೆ ಬೆಂಕಿ ಕ್ಲೇಮಿಗೂ ತಕರಾರು ಬರುತ್ತದೆ. ಅತಿಥಿಗೆ ಆಗುವ ಗಾಯಕ್ಕೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಬೇಕು. ಅದನ್ನು ತೆಗೆದುಕೊಳ್ಳುವಾಗ ಆಯುಧದಿಂದ ಆದ ಗಾಯ ಸೇರಿದೆಯಾ, ಇಲ್ಲವಾ ಎಂದು ಪತ್ರದಲ್ಲಿ ಕೇಳಿ, ಉತ್ತರವನ್ನೂ ಪತ್ರದಲ್ಲೇ ಪಡೆಯಿರಿ. ಹೊರಗಿಡುವ ಕಂಪನಿಗಳಿವೆ. ಇನ್ನೊಂದನ್ನೂ ನೋಡಿ: ಇಂಥ ಪಾಲಿಸಿ ಸಾಮಾನ್ಯವಾಗಿ ಹೊರಗಿನವರಿಗೆ ಕೊಡುತ್ತದೆ, ನಿಮ್ಮ ಜೊತೆ ವಾಸಿಸುವ ಮನೆಯವರಿಗೆ ಕೊಡುವುದಿಲ್ಲ. ಮನೆಯವರಿಗೆ ಅವರವರ ಹೆಸರಿನಲ್ಲೇ ಅಪಘಾತ ವಿಮೆ ಮಾಡಿಸಬೇಕು.

ಅನಾಹುತ ಆಗಿಯೇ ಬಿಟ್ಟರೆ? ಆಸ್ಪತ್ರೆ, ಪೊಲೀಸ್, ವಿಮೆ ಕಂಪನಿ, ಈ ಕ್ರಮದಲ್ಲಿ ಎಲ್ಲವೂ ಆವತ್ತೇ. ನಮ್ಮಲ್ಲಿ ಆಗುವುದು ಬೇರೆ. ಊರಿನ ಹಿರಿಯರು ಕೂರುತ್ತಾರೆ. ‘ಕೋರ್ಟು ಕಚೇರಿ ಯಾಕೆ, ಐದು ಲಕ್ಷ ಕೊಟ್ಟು ಮುಗಿಸೋಣ’ ಅನ್ನುತ್ತಾರೆ. ಛಾಪಾ ಕಾಗದದಲ್ಲಿ ‘ನನ್ನ ತಪ್ಪಿನಿಂದ’ ಎಂದು ಬರೆಸಿ ಸಹಿ ಹಾಕಿಸುತ್ತಾರೆ. ಹಿರಿಯರ ಮನಸ್ಸು ಒಳ್ಳೆಯದೇ. ಆದರೆ ಹೊಣೆಗಾರಿಕೆಯ ಪಾಲಿಸಿಗಳಲ್ಲಿ ಒಂದು ಷರತ್ತು ಇರುತ್ತದೆ: ಕಂಪನಿಯನ್ನು ಕೇಳದೆ ತಪ್ಪು ಒಪ್ಪಿಕೊಳ್ಳಬಾರದು, ರಾಜಿ ಮಾಡಿಕೊಳ್ಳಬಾರದು. ಆ ಸಹಿಯಿಂದ ನೀವು ವರ್ಷಗಟ್ಟಲೆ ಕಟ್ಟಿದ ಪ್ರೀಮಿಯಂ ಹೊಳೆ ಪಾಲು. ಅತ್ತ ಅಜಾಗರೂಕತೆಯ ಸಾವಿನ ಕೇಸು ಊರ ರಾಜಿಯಿಂದ ಮುಚ್ಚುವಂಥದ್ದೂ ಅಲ್ಲ. ಆಸ್ಪತ್ರೆ ಖರ್ಚಿಗೆ, ಆ ಮನೆಯ ಅಕ್ಕಿಗೆ ಧಾರಾಳವಾಗಿ ದುಡ್ಡು ಕೊಡಿ. ಕಾಗದಕ್ಕೆ ಸಹಿ ಮಾಡುವ ಮುಂಚೆ ವಕೀಲರಿಗೆ ತೋರಿಸಿ.

ಕ್ಲೇಮ್ ತಿರಸ್ಕಾರ ಅನ್ಯಾಯ ಅನ್ನಿಸಿದರೆ ಮೊದಲು ಕಂಪನಿಗೇ ಬರೆದು ದೂರು ಕೊಡಿ. ಅಲ್ಲಿ ಕೆಲಸ ಆಗದಿದ್ದರೆ ವಿಮೆ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅಲ್ಲಿ ಶುಲ್ಕವೂ ಇಲ್ಲ.

ಇನ್ನು ಹಬ್ಬ, ಸಮಾರಂಭದ ಗುಂಡು. ಮಗು ಹುಟ್ಟಿದಾಗ ಒಂದು, ಸಾವಿಗೆ ಎರಡು, ಪುತ್ತರಿಗೆ ಕದಿರು ತೆಗೆಯುವಾಗ ಒಂದು. ಇದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಆದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಗೊತ್ತಿರಲಿ. ಸಮಾರಂಭದಲ್ಲಿ ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಯಾರಿಗೂ ಗಾಯ ಆಗಲೇಬೇಕು ಅಂತಿಲ್ಲ. ನಮ್ಮ ವಿನಾಯಿತಿ ಇದಕ್ಕೆ ಅಡ್ಡ ಬರುವುದಿಲ್ಲ. ಜನರಿಂದ ದೂರ ನಿಂತು, ಮನೆ, ರಸ್ತೆ ಇಲ್ಲದ ಕಡೆಗೆ ನಳಿಗೆ ತಿರುಗಿಸಿ. ಹಬ್ಬದ ಗುಂಡಿಗೆ ದಪ್ಪ ಚೆರೆಯ ಎಸ್‌ಜಿ ಕಾಡತೂಸು ಹಾಕಬೇಡಿ, ಅದರ ಚೆರೆ ಅರ್ಧ ಕಿಲೋಮೀಟರ್ ದಾಟಬಲ್ಲದು.

ಗದ್ದೆ ಕೊಡಬಹುದಾ ಅಂದಿರಲ್ಲ, ಕೊಡಬಹುದು. ಮೊದಲು ಸಂಘದವರನ್ನು ಎರಡು ಕಾಗದ ಕೇಳಿ. ಒಂದು, ಸ್ಪರ್ಧೆಗೆ ಪೊಲೀಸರ ಅನುಮತಿ. ಎರಡು, ಆ ದಿನದ ಮಟ್ಟಿಗೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ. ಅದರಲ್ಲಿ ‘ಗುಂಡು ಹೊಡೆಯುವ ಸ್ಪರ್ಧೆ’ ಎಂದು ಬಿಡಿಸಿ ಬರೆದಿರಬೇಕು, ಸುಮ್ನೆ ‘ಕ್ರೀಡಾಕೂಟ’ ಅಂತಿದ್ದರೆ ಒಪ್ಪಬೇಡಿ. ಜಾಗದ ಮಾಲೀಕರಾಗಿ ನಿಮ್ಮ ಹೆಸರೂ ಸೇರಿರಬೇಕು, ಇಲ್ಲದಿದ್ದರೆ ಪಾಲಿಸಿ ಸಂಘವನ್ನು ಕಾಯುತ್ತದೆ, ನಿಮ್ಮನ್ನಲ್ಲ. ತೆಂಗಿನಕಾಯಿ ಕಟ್ಟುವ ಜಾಗದ ಹಿಂದೆ ಬರೆ (ಗುಡ್ಡದ ಕಡಿದಾದ ಬದಿ) ಅಥವಾ ಮಣ್ಣಿನ ದಿಬ್ಬ ಇದೆಯಾ ನೋಡಿ. ಬರೀ ಕಾಫಿ ಗಿಡ ಇದ್ದು ಅದರಾಚೆ ಲೈನ್ ಮನೆ ಇದ್ದರೆ, ಪಾಲಿಸಿ ಇದ್ದರೂ ಬೇಡ ಎಂದೇ ಹೇಳಿ. ಬೇರೆ ಗದ್ದೆ ಹುಡುಕಲಿ.